ಬಾಯಿಗೂಡಿದ ಮೇಲೂ ಬೆಳೆದ ಬೆಕ್ಕಿನ ವಿಚಾರ

ಇಂದ,
ನೀಲಕಂಠಸ್ವಾಮಿ, ವಯಸ್ಸು ಅರವತ್ತೊಂದು,
ಕಸುಬು: ಬೇಸಾಯ ಮತ್ತು ಎತ್ತು ನೋಡುವುದು (ಎರಡನೆಯದನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ),
ಅತ್ತಿಮರದ ಕೊಪ್ಪಲು, ರಾವಂದೂರು ಹೋಬಳಿ,
ಪಿರಿಯಾಪಟ್ಟಣ ತಾಲ್ಲೂಕು.

ಗೆ,
ಮಾನ್ಯ ವಲಯ ಅರಣ್ಯಾಧಿಕಾರಿಗಳು,
ಅವರ ಕಚೇರಿ.

ವಿಷಯ: ಚಿರತೆ ಮರಿ ಎಂದು ಬೋನಿನಲ್ಲಿ ಹಿಡಿದಿರುವ ಪ್ರಾಣಿಯು ಅರ್ಜಿದಾರರ ಹೆಂಡತಿಯ ಬೆಕ್ಕಾಗಿದ್ದು, ಸೋಮವಾರ ಅದನ್ನು ಕಾಡಿಗೆ ಬಿಡದೆ ಮನೆಗೆ ಬಿಡುವ ಬಗ್ಗೆ.

ಉಲ್ಲೇಖ:
1) ಊರಿಗೆ ಚಿರತೆ ಬಂದಿದೆ ಎಂದು ಇದೇ ಅರ್ಜಿದಾರರು ನಲವತ್ಮೂರು ಸಹಿಗಳೊಂದಿಗೆ ಕೊಟ್ಟ ಅರ್ಜಿ.
2) ಬೋನಿನ ಮುಂದೆ ನಿಂತು ಬರೆದ ಮಹಜರು.
3) ಸುಂದ್ರಮ್ಮನವರು ಒಂಬತ್ತು ದಿನಗಳಿಂದ ಗಂಡನೊಂದಿಗೆ ಮಾತು ಬಿಟ್ಟಿರುವುದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾಲ್ಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂರುವ ಅರ್ಜಿ ಬರಹಗಾರ ಪುಟ್ಟಮಲ್ಲಪ್ಪನು ಅರ್ಜಿದಾರರ ಬಾಯಿಂದ ಕೇಳಿ ಬರೆದಿರುವುದೇನೆಂದರೆ, ಉಲ್ಲೇಖ ಒಂದರ ಅರ್ಜಿಯನ್ನೂ ಬರೆದವನು ಅವನೇ. ಅದರಲ್ಲಿ 'ಘರ್ಜಿಸುತ್ತಿತ್ತು' ಎಂದಿರುವುದು ಅವನ ಸ್ವಂತ ಸೇರ್ಪಡೆ. ಅರ್ಜಿದಾರರು ಹೇಳಿದ್ದು 'ಆಕಳಿಸುತ್ತಿತ್ತು' ಎಂದು. ಹಾಗೆ ಬರೆದರೆ ಬೋನು ಬರುವುದಿಲ್ಲವೆಂಬ ಅನುಭವದ ಕಾರಣ ತಿದ್ದಲಾಯಿತು. ಈ ಸಲ ಒಂದಕ್ಷರವನ್ನೂ ಸೇರಿಸಿಲ್ಲ.

1. ಅರ್ಜಿದಾರರು ನಲವತ್ತು ವರ್ಷಗಳಿಂದ ಎತ್ತು ನೋಡಿಕೊಂಡು ಬಂದವರು. ಅತ್ತ ಕೆ.ಆರ್. ನಗರದಿಂದ ಇತ್ತ ಎಚ್.ಡಿ. ಕೋಟೆಯವರೆಗೆ ಯಾರೇ ಜೋಡಿ ಕೊಳ್ಳಲಿ, ಇವರನ್ನು ಕರೆದುಕೊಂಡು ಹೋಗಿ ಮುಂದೆ ನಿಲ್ಲಿಸುತ್ತಾರೆ. ಇವರು ಮೂಗುದಾರ ಹಿಡಿದು ತುಟಿ ಎತ್ತಿ ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದಿದ್ದರೆ ಬಾಯಿಗೂಡಿದೆ ಎನ್ನುತ್ತಾರೆ. ಬಾಯಿಗೂಡಿದ ಎತ್ತು ಎಂದರೆ ಬೆಳವಣಿಗೆ ಮುಗಿಯಿತು, ಇನ್ನು ಎಷ್ಟು ಹುಲ್ಲು ಹಾಕಿದರೂ ಅಷ್ಟೇ. ಇವರ ಮಾತಿಗೆ ಇದುವರೆಗೆ ಯಾರೂ ಎದುರಾಡಿಲ್ಲ. ಮುಂದಿನ ಅನಾಹುತಗಳಿಗೆಲ್ಲ ಇದೇ ಮೂಲ ಕಾರಣ.

2. ಮೂರು ವರ್ಷಗಳ ಹಿಂದೆ ಮೈಸೂರಿನಲ್ಲಿ ಟೀಚರ್ ಆಗಿರುವ ಮಗಳು ಆಶಾರಾಣಿ ಒಂದು ಗಂಡು ಬೆಕ್ಕಿನ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದು ತಾಯಿಯ ಮಡಿಲಿಗಿಟ್ಟಳು. ಜಾತಿ, ಮೇನ್ ಕೂನ್. ವಂಶಾವಳಿಯ ಕಾಗದವೂ ಇತ್ತು. ಅದರಲ್ಲಿ ಬೆಕ್ಕಿನ ಮುತ್ತಾತನ ಹೆಸರಿದೆ, ಅರ್ಜಿದಾರರಿಗೆ ತಮ್ಮ ಮುತ್ತಾತನ ಹೆಸರು ಗೊತ್ತಿಲ್ಲ. ಸುಂದ್ರಮ್ಮನವರು ಮರಿಗೆ ಚಿಕ್ಕಣ್ಣ ಎಂದು ಹೆಸರಿಟ್ಟರು.

3. ಚಿಕ್ಕಣ್ಣನಿಗೆ ಎಂಟು ತಿಂಗಳಾದಾಗ ಅರ್ಜಿದಾರರು ಅಭ್ಯಾಸಬಲದಿಂದ ಅದರ ತುಟಿ ಎತ್ತಿ ನೋಡಿದರು. ಹಲ್ಲೆಲ್ಲ ಬಂದಿದ್ದವು.

"ಬಾಯಿಗೂಡೈತೆ ಕಣಮ್ಮ. ಇದಿನ್ನು ಬೆಳೆಯಾಕಿಲ್ಲ," ಎಂದರು.

"ಅಪ್ಪಾ, ಅದು ಎತ್ತಲ್ಲ. ಬೆಕ್ಕಿಗೆ ಆರೇಳು ತಿಂಗ್ಳಿಗೇ ಹಲ್ಲೆಲ್ಲ ಬತ್ತವೆ. ಆದ್ರೆ ಈ ಜಾತಿಗೆ ಮೈ ತುಂಬಕ್ಕೆ ಮೂರು ನಾಕು ವರ್ಷ ಬೇಕು," ಎಂದಳು ಆಶಾರಾಣಿ.

"ಹಲ್ಲು ಸುಳ್ಳು ಯೋಳಾಕಿಲ್ಲ ಬುಡು."

ಅಲ್ಲಿಗೆ ತೀರ್ಪು ಮುಗಿಯಿತು. ಸದರಿ ತೀರ್ಪಿನ ಪ್ರತಿಯು ಬೆಕ್ಕಿಗೆ ತಲುಪದ ಕಾರಣ ಅದು ಬೆಳೆಯುತ್ತಲೇ ಹೋಯಿತು. ಮನೆಯಲ್ಲಿ ಹಾಲು, ಮೊಸರನ್ನ ತಿನ್ನುತ್ತಿತ್ತು. ರಾಗಿ ಕಣಜದ ಹಿಂದೆ ಏನು ತಿನ್ನುತ್ತಿತ್ತೆಂಬುದನ್ನು, ಮಾಂಸ ಮುಟ್ಟದ ಶಿವಪೂಜೆಯ ಮನೆಯಾದ್ದರಿಂದ, ಯಾರೂ ವಿಚಾರಿಸಲಿಲ್ಲ. ಈಗ ತೂಕ ಎಂಟು ಕಿಲೋ ಮೇಲೆ. ಮೂಗಿನಿಂದ ಬಾಲದ ತುದಿಗೆ ಮೂರು ಅಡಿ. ಚಳಿಗಾಲದಲ್ಲಿ ಕುತ್ತಿಗೆ ಸುತ್ತ ಕೂದಲು ದಟ್ಟವಾಗಿ, ಮಫ್ಲರ್ ಸುತ್ತಿದಂತೆ ಕಾಣುತ್ತದೆ.

4. "ರೀ, ಚಿಕ್ಕಣ್ಣ ದಪ್ಪ ಆಗವ್ನೆ ಕಣ್ರೀ, ಉದ್ದಾನೂ ಆಗವ್ನೆ," ಎಂದು ಸುಂದ್ರಮ್ಮನವರು ಹೇಳದೆ ಇರಲಿಲ್ಲ. "ನಿನ್ ತೋಳಿಗೆ ವಯಸ್ಸಾಯ್ತು, ಅದಕ್ಕೆ ಭಾರ ಅನ್ನುಸ್ತದೆ," ಎಂದರು ಅರ್ಜಿದಾರರು. "ದಿನಾ ಎತ್ಕೊಳ್ಳೋಳು ನಾನು. ನನ್ ತೋಳಿಗೆ ಗೊತ್ತು," ಎಂದು ಆಕೆ ಒಳಗೆ ಹೋದರು. ಬೆಳೆಯುವುದಿಲ್ಲ ಎಂದು ತಾವೇ ಹೇಳಿದ್ದನ್ನು ಮತ್ತೆ ನೋಡುವ ಅಗತ್ಯ ಅರ್ಜಿದಾರರಿಗೆ ಕಂಡಿರಲಿಲ್ಲ. ಎರಡು ವರ್ಷ ಒಂದೇ ಸೂರಿನಡಿ ಇದ್ದೂ ಅವರು ಬೆಕ್ಕಿನ ಕಡೆ ಕಣ್ಣಿಟ್ಟು ನೋಡಲಿಲ್ಲ.

5. ಈಗ್ಗೆ ಹದಿನೆಂಟು ದಿನಗಳ ಹಿಂದೆ, ಬೆಳಗ್ಗೆ ಮಂಜು ಕವಿದಿದ್ದಾಗ, ಅರ್ಜಿದಾರರು ಡೇರಿಗೆ ಹಾಲು ತೆಗೆದುಕೊಂಡು ಹೊರಟಿದ್ದರು. ಕನ್ನಡಕ ಮನೆಯಲ್ಲಿತ್ತು. ತಮ್ಮದೇ ಹುಲ್ಲಿನ ಮೆದೆಯ ಮೇಲೆ, ಕಂದು ಬಣ್ಣದ ಮೈ ಮೇಲೆ ಕಪ್ಪು ಗೀಟು ಗೀಟಾಗಿದ್ದ ಪ್ರಾಣಿಯೊಂದು ಕಾಲು ಚಾಚಿ ಆಕಳಿಸುವುದನ್ನು ಕಂಡರು. ನಮ್ಮ ಮನೆ ಬೆಕ್ಕು ಬಾಯಿಗೂಡಿ ಎರಡು ವರ್ಷವಾಯಿತು, ಇಷ್ಟು ದೊಡ್ಡದಿರಲು ಸಾಧ್ಯವಿಲ್ಲ. ಆದ್ದರಿಂದ ಇದು ಬೆಕ್ಕಲ್ಲ. ಬೆಕ್ಕಲ್ಲದ ಕಾರಣ ಚಿರತೆ. ಹೀಗೆ ಯೋಚಿಸಿ ಹಾಲಿನ ಕ್ಯಾನನ್ನು ಅಲ್ಲೇ ಬಿಟ್ಟು ಓಡಿದರು. ಹಾಲನ್ನು ಸದರಿ ಪ್ರಾಣಿ ಕುಡಿಯಿತು.

6. ನೋಡಿದವರು ಎತ್ತಿನ ನೀಲಕಂಠಸ್ವಾಮಿ ಆದ ಕಾರಣ ಊರಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅರ್ಜಿ ಹೋಯಿತು, ತಮ್ಮ ಕೃಪೆಯಿಂದ ಬೋನೂ ಬಂತು. ಊರಿಗೆ ಬೋನು ತಂದವರೆಂದು ಡೇರಿಯ ಮುಂದೆ ಅರ್ಜಿದಾರರಿಗೆ ಶಾಲು ಹೊದಿಸಿ ಹಾರ ಹಾಕಿದರು. ಅಂದಿನಿಂದ ಅವರು ಶಾಲನ್ನು ಸ್ನಾನಕ್ಕೆ ಮಾತ್ರ ತೆಗೆಯುತ್ತಿದ್ದರು.

7. ಬೋನಿಟ್ಟ ಮೂರನೆಯ ಬೆಳಗ್ಗೆ ಬಾಗಿಲು ಬಿದ್ದಿತ್ತು. ಊರೆಲ್ಲ ಸೇರಿತು. ಶಾಲು ಹೊದ್ದ ಅರ್ಜಿದಾರರಿಗೆ ಜನ ದಾರಿ ಬಿಟ್ಟು ಮುಂದೆ ಕಳಿಸಿದರು. ಈ ಸಲ ಕನ್ನಡಕ ಹಾಕಿದ್ದರು. ಒಳಗಿದ್ದದ್ದು ಚಿಕ್ಕಣ್ಣ.

ಈ ಜಾತಿಯ ಬೆಕ್ಕುಗಳು ಮಿಯಾವ್ ಎನ್ನುವುದು ಕಡಿಮೆ. ಗುರುತಿನವರನ್ನು ಕಂಡರೆ ಹಕ್ಕಿಯ ಹಾಗೆ ಚಿರ್ರೆನ್ನುತ್ತವೆ. ಅರ್ಜಿದಾರರನ್ನು ಕಂಡದ್ದೇ ಚಿಕ್ಕಣ್ಣ ಎದ್ದು ಸರಳಿಗೆ ಮೈ ಉಜ್ಜಿ ಚಿರ್ರೆಂದಿತು. ಅರ್ಜಿದಾರರು ಮುಖ ತಿರುಗಿಸಿದರು.

"ಮರಿ ಅನ್ನುಸ್ತದೆ. ಎಷ್ಟು ತಿಂಗ್ಳದು ಬುದ್ಧಿ? ನೀವು ಯೋಳುದ್ರೆ ಬರ್ಕೊತೀನಿ," ಎಂದು ತಮ್ಮ ವಾಚರ್ ನಿಂಗರಾಜು ಮಹಜರು ಹಿಡಿದು ಕೇಳಿದರು. ತಾವು ರಜೆಯಲ್ಲಿದ್ದಿರಿ. ಊರೆಲ್ಲ ಅರ್ಜಿದಾರರ ಬಾಯಿಯನ್ನೇ ನೋಡುತ್ತಿತ್ತು.

"ಆರು ತಿಂಗ್ಳದು," ಎಂದರು ಅರ್ಜಿದಾರರು. "ಚಿರತೆ ಮರಿ."

ಉಲ್ಲೇಖ ಎರಡರಲ್ಲಿ 'ತಜ್ಞರ ಅಭಿಪ್ರಾಯದಂತೆ' ಎಂದಿರುವುದು ಇದೇ ಅಭಿಪ್ರಾಯ. ಆದ್ದರಿಂದ ತಮ್ಮ ಸಿಬ್ಬಂದಿಯದು ಯಾವ ತಪ್ಪೂ ಇಲ್ಲ.

8. ಅಂದು ಸಂಜೆ ಸುಂದ್ರಮ್ಮನವರು ಮೊಸರನ್ನದ ತಟ್ಟೆ ಹಿಡಿದು ಓಣಿ ಓಣಿಯಲ್ಲಿ ಚಿಕ್ಕಣ್ಣನನ್ನು ಕೂಗಿದರು. ಮೂರನೆಯ ಓಣಿಗೆ ಹೋಗುವಷ್ಟರಲ್ಲಿ ಅರ್ಜಿದಾರರಿಗೆ ತಡೆಯಲಾಗಲಿಲ್ಲ. ಹಿಂದೆಯೇ ಹೋಗಿ ನಡೆದದ್ದನ್ನು ಹೇಳಿದರು. ಆಕೆ ತಟ್ಟೆಯನ್ನು ಜಗುಲಿಯ ಮೇಲಿಟ್ಟು ಕೇಳಿದ್ದು ಒಂದೇ ಮಾತು:

"ಅದು ನಿಮ್ಮ ಗುರ್ತು ಹಿಡೀತಾ?"

"ಹೂಂ."

ಆಮೇಲೆ ಮಾತಿಲ್ಲ. ಈಗ ಮನೆಯಲ್ಲಿ ಎಲ್ಲ ವ್ಯವಹಾರವೂ ಹಸುವಿನ ಮೂಲಕ ನಡೆಯುತ್ತಿದೆ. "ಗೌರಿ, ಊಟಕ್ಕಿಟ್ಟಿವ್ನಿ ಅಂತ ಯೋಳು," ಎನ್ನುತ್ತಾರೆ. ಹಸು ಹೇಳುವುದಿಲ್ಲ. ಅರ್ಜಿದಾರರು ತಾವೇ ತಿಳಿದುಕೊಂಡು ಹೋಗಿ ಕೂರುತ್ತಾರೆ.

9. ಮರುದಿನವೇ ಆಕೆ ಒಬ್ಬರೇ ಬಸ್ಸು ಹತ್ತಿ ಬೋನನ್ನು ಸಾಗಿಸಿ ಇಟ್ಟಿರುವ ತಮ್ಮ ಇಲಾಖೆಯ ನರ್ಸರಿಗೆ ಬಂದಿದ್ದರು. "ಬೆಕ್ಕೇ ಇರಬೋದು ಕಣವ್ವ. ಆದ್ರೆ ಕಾಗದದಲ್ಲಿ ಚಿರತೆ ಅಂತ ಐತೆ. ಯಾರು ಅಂದ್ರೋ ಅವರೇ ಬರ್ಕೊಡ್ಬೇಕು. ನನ್ ಕೈಲೇನೈತೆ," ಎಂದರಂತೆ ನಿಂಗರಾಜು. ಬರೆದುಕೊಡಬೇಕಾದವರು ಎಂಟು ದಿನ ಶಾಲು ಹೊದ್ದು ಮನೆಯಲ್ಲೇ ಕೂತರು. ಊರು ಏನನ್ನುತ್ತದೆ ಎಂಬ ಭಯ. ನಿನ್ನೆ, ಮರಿಯನ್ನು ತಾಯಿಯ ಜೊತೆ ಸೇರಿಸಲು ಸೋಮವಾರ ಕಾಡಂಚಿಗೆ ಬಿಡುತ್ತಾರೆಂಬ ಸುದ್ದಿ ಬಂತು. ಅದರ ತಾಯಿ ಇರುವುದು ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ. ಕಾಡಿನಲ್ಲಿ ಚಿರತೆ ಎದುರಾದರೆ ಚಿಕ್ಕಣ್ಣ ಚಿರ್ರೆಂದು ಮೈ ಉಜ್ಜಲು ಹೋಗುವುದು ಖಂಡಿತ.

10. ಇಂದು ಬೆಳಗ್ಗೆ ಅರ್ಜಿದಾರರು ಬರೆಸಲು ಹೊರಟಾಗ ಸುಂದ್ರಮ್ಮನವರು ಅವರ ಕೈಗೆ ಮೂರು ಕರಿದಾರಗಳನ್ನು ಇಟ್ಟರು. ದೃಷ್ಟಿಯಾಗದಿರಲೆಂದು ಬೆಕ್ಕಿನ ಕುತ್ತಿಗೆಗೆ ಕಟ್ಟುತ್ತಿದ್ದವು. ಬಿಗಿಯಾದಾಗಲೆಲ್ಲ ಕತ್ತರಿಸಿ ಹೊಸದು ಕಟ್ಟಿ, ಹಳೆಯದನ್ನು ಅರಿಶಿನದ ಡಬ್ಬಿಯಲ್ಲಿಟ್ಟಿದ್ದರು. ಮೊದಲನೆಯದು ಅರ್ಜಿದಾರರ ಹೆಬ್ಬೆರಳಿಗೆ ಎರಡು ಸುತ್ತು ಬರುತ್ತದೆ. ಎರಡನೆಯದು ಮುಂಗೈಗೆ ಸರಿಹೋಗುತ್ತದೆ. ಮೂರನೆಯದು ಮುಂಗೈಯಲ್ಲಿ ನಿಲ್ಲದೆ ಜಾರುತ್ತದೆ. ನಾಲ್ಕನೆಯದು ಬೆಕ್ಕಿನ ಕುತ್ತಿಗೆಯಲ್ಲಿದ್ದು, ಕೂದಲು ಸರಿಸಿದರೆ ಕಾಣುತ್ತದೆ. ನಲವತ್ತು ವರ್ಷ ಹಲ್ಲು ನೋಡಿದವರಿಗೆ ತಿಳಿಯದ್ದು ಈ ದಾರಗಳಲ್ಲಿತ್ತು. ತಮ್ಮದು ತಪ್ಪು, ಹೆಂಡತಿಯ ತೋಳು ಸರಿ ಎಂದು ಅರ್ಜಿದಾರರು ಈ ಮೂಲಕ ಲಿಖಿತವಾಗಿ ಒಪ್ಪಿರುತ್ತಾರೆ.

ಆದ್ದರಿಂದ ದಯಾಳುಗಳಾದ ತಾವು,

ಅ) ಮಹಜರಿನಲ್ಲಿ 'ಆರು ತಿಂಗಳ ಚಿರತೆ ಮರಿ' ಎಂಬುದನ್ನು 'ಮೂರು ವರ್ಷದ ಬೆಕ್ಕು, ಇನ್ನೂ ಬೆಳೆಯುವ ಸಂಭವವಿದೆ' ಎಂದು ತಿದ್ದಿಸಬೇಕು.

ಆ) ಬೋನಿನಲ್ಲಿ ಅದಕ್ಕೆ ದಿನಕ್ಕೆ ಎರಡು ಹೊತ್ತು ಕೋಳಿ ಹಾಕುತ್ತಿರುವ ವಿಚಾರವನ್ನು ಸುಂದ್ರಮ್ಮನವರಿಗೆ ಯಾವ ಕಾರಣಕ್ಕೂ ತಿಳಿಸಬಾರದು.

ಇ) ಬೆಕ್ಕನ್ನು ಇಲಾಖೆಯ ಜೀಪಿನಲ್ಲಿ ಮನೆ ಬಾಗಿಲಿಗೆ ಕಳಿಸಬಾರದು. ಅರ್ಜಿದಾರರ ಕೈಗೇ ಕೊಡಬೇಕು. ಅವರು ಅದನ್ನು ತೋಳಿನಲ್ಲಿ ಎತ್ತಿಕೊಂಡು ಊರೊಳಗೆ ನಡೆದು ಹೋಗತಕ್ಕದ್ದು. ಸಮಯವನ್ನು ಸಂಜೆ ಡೇರಿಯಲ್ಲಿ ಹಾಲು ಅಳೆಯುವ ಹೊತ್ತಿಗೆ, ಅಂದರೆ ನಲವತ್ಮೂರು ಸಹಿಯವರೂ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುವಾಗ, ನಿಗದಿಪಡಿಸಬೇಕು. ಇದನ್ನು ಬರೆಯಲೇ ಎಂದು ಬರಹಗಾರನು ಎರಡು ಸಲ ಕೇಳಿದನು. "ಬರಿ," ಎಂದರು.

ಹಲ್ಲಿನ ಮೇಲಿನ ನಂಬಿಕೆ ಕಳೆದುಕೊಂಡಿರುವ, ಆದರೆ ತಮ್ಮ ಮೇಲೆ ಇಟ್ಟಿರುವ,
ತಮ್ಮ ವಿಶ್ವಾಸಿ,
ನೀಲಕಂಠಸ್ವಾಮಿ (ಸಹಿ)

ಬಿಕ್ಕಲಂ (ಬರೆದವನು): ಪುಟ್ಟಮಲ್ಲಪ್ಪ

ಲಗತ್ತುಗಳು:
1) ಕರಿದಾರ, ಮೂರು. ನೋಡಿದ ಮೇಲೆ ವಾಪಸು ಕೊಡಬೇಕು, ಡಬ್ಬಿಯಲ್ಲಿ ಜಾಗ ಹಾಗೇ ಇದೆ.
2) ವಂಶಾವಳಿ ಕಾಗದ, ಮುತ್ತಾತನವರೆಗೆ.
3) ಶಾಲು, ಒಂದು. ಚಳಿಯಿರುವ ಕಾರಣ ಬೆಕ್ಕನ್ನು ಸುತ್ತಿಕೊಡಲು. ಬಾಲ ಹೊರಗುಳಿದರೆ ಅಡ್ಡಿಯಿಲ್ಲ.

ವಿ.ಸೂ: ಇಂದು ಬೆಳಗ್ಗೆ ಅದೇ ಮೆದೆಯ ಮೇಲೆ ಇನ್ನೊಂದು ಪ್ರಾಣಿ ಮಲಗಿರುವುದನ್ನು ಕಂಡ ಊರಿನವರು ಅರ್ಜಿದಾರರನ್ನು ಕರೆದು ತೋರಿಸಿ ಅಭಿಪ್ರಾಯ ಕೇಳಿರುತ್ತಾರೆ. ಸುಂದ್ರಮ್ಮನವರನ್ನು ಕೇಳಿ ಎಂದು ಹೇಳಿ ಅರ್ಜಿದಾರರು ಬಸ್ಸು ಹತ್ತಿರುತ್ತಾರೆ. ಆಕೆಯ ಅಭಿಪ್ರಾಯ ಬರುವವರೆಗೆ ದಯವಿಟ್ಟು ಇನ್ನೊಂದು ಬೋನು ಕಳಿಸಿಕೊಡಬೇಕಾಗಿ ಪ್ರಾರ್ಥನೆ.