ಸಾಹೇಬರಿಗಾಗಿ ಕಾದಿಟ್ಟ ಚಾವಿ

ಹೊಸ ವಸ್ತುವನ್ನು ಬಳಸಲು ನನಗೆ ಮನಸ್ಸೇ ಬರುವುದಿಲ್ಲ. ಇದು ಜಿಪುಣತನವಲ್ಲ, ಮನೆತನದ ಬಳುವಳಿ ಎಂದು ನಾನು ಹೇಳುತ್ತೇನೆ. ಜಿಪುಣತನವೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸುರಪುರದ ನಮ್ಮ ಮನೆಯಲ್ಲಿ ಅವ್ವ ಒಂದು ಹೂವಿನ ಚಾದರವನ್ನು ಟ್ರಂಕಿನಲ್ಲಿಟ್ಟುಕೊಂಡು, ದೊಡ್ಡವರು ಯಾರಾದರೂ ಬಂದರೆ ಹಾಸಬೇಕೆಂದು ಕಾಯುತ್ತಿದ್ದಳು. ನೆಂಟರು ಬಂದರು, ಹೋದರು. ಯಾರೂ ಆ ಚಾದರಕ್ಕೆ ತಕ್ಕಷ್ಟು ದೊಡ್ಡವರೆಂದು ಅವಳಿಗೆ ಅನ್ನಿಸಲಿಲ್ಲ. ಕಡೆಗೆ ಅದರಲ್ಲಿ ಇಲಿ ಮರಿ ಹಾಕಿತು. ನಮ್ಮ ಟಿವಿಯ ರಿಮೋಟು ಕೂಡ ಇಂದಿಗೂ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯೊಳಗೇ ಇದೆ.

ನಾನು ವಡಗೇರಾ ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಪ್ರಭಾರ ಮುಖ್ಯ ಗುರು. ಹೋದ ವರ್ಷ ನನ್ನನ್ನು ಶಹಾಪುರಕ್ಕೆ ಮೂರು ದಿನದ ತರಬೇತಿಗೆ ಕಳಿಸಿದರು. ಹದಿಹರೆಯದ ಮಕ್ಕಳನ್ನು ಊರು ಬದಲಾಯಿಸುವ ನಾಯಕರನ್ನಾಗಿ ಬೆಳೆಸುವುದು ಹೇಗೆ ಎಂಬುದು ವಿಷಯ. ಮೊದಲ ದಿನ ಊಟ ಚೆನ್ನಾಗಿತ್ತು, ಮೂರನೆಯ ದಿನದ ಹೊತ್ತಿಗೆ ನನಗೆ ನಿಜಕ್ಕೂ ಹುರುಪು ಬಂದಿತ್ತು. ನಮ್ಮ ಮಕ್ಕಳು ಪಂಚಾಯಿತಿಯಲ್ಲಿ ಎದ್ದು ನಿಂತು ಮಾತಾಡುವುದು, ಹಿಂದೆ ಕೈಕಟ್ಟಿ ನಿಂತ ನಾನು ಹೆಮ್ಮೆಯಿಂದ ಬೀಗುವುದು ಎಲ್ಲವೂ ವಾಪಸು ಬರುವಾಗ ಬಸ್ಸಿನಲ್ಲೇ ಕಣ್ಣಿಗೆ ಕಟ್ಟಿತು.

ಬಂದವನೇ ಒಂಬತ್ತನೇ ತರಗತಿಯ ಹುಡುಗಿಯರ ಗುಂಪು ಕಟ್ಟಿದೆ. ತೊಂದರೆ ಏನೆಂದು ನೀವೇ ಗುರುತಿಸಿ, ಹೊಣೆ ಯಾರದೆಂದು ಪತ್ತೆ ಮಾಡಿ, ಅರ್ಜಿ ಬರೆದು ಎದುರಿಗೇ ಹೋಗಿ ಕೊಡಿ ಎಂದು ಹೇಳಿಕೊಟ್ಟೆ. “ಯಾವ ಸಾಹೇಬ ಆದ್ರೂ ಮೊದಲ ‘ನೋಡೋಣ’ ಅಂತಾನ. ಅಷ್ಟಕ್ಕ ಹೊಳ್ಳಿ ಬರಬ್ಯಾಡ್ರಿ. ಯಾವ ದಿನ ಅಂತ ಕೇಳ್ರಿ. ದಿನ ಹೇಳೋತನಕ ಅಲ್ಲಿಂದ ಕದಲಬ್ಯಾಡ್ರಿ,” ಎಂದೆ. ಇದು ಶಹಾಪುರದಲ್ಲಿ ಕಲಿತದ್ದಲ್ಲ. ಇಷ್ಟು ವರ್ಷ ನಾನೇ ಎಲ್ಲರಿಗೂ ‘ನೋಡೋಣ’ ಎಂದು ಹೇಳಿ ಗಳಿಸಿದ ಅನುಭವ.

ಬೀದಿದೀಪದ ತಕರಾರು ತರುತ್ತಾರೆಂದು ಎಣಿಸಿ ನಾನೇ ಒಂದು ಅರ್ಜಿಯ ನಮೂನೆ ಬರೆದಿಟ್ಟುಕೊಂಡಿದ್ದೆ. ಎರಡು ವಾರದ ಮೇಲೆ ಏಳು ಜನ ಹುಡುಗಿಯರು ನನ್ನ ಕೋಣೆಗೆ ಬಂದು ನಿಂತರು. ಮುಂದೆ ಭೀಮಬಾಯಿ, ಕುರಿ ಸಾಕುವವರ ಮನೆಯ ಹುಡುಗಿ. ತಿಂಗಳಿಗೆ ನಾಲ್ಕೈದು ದಿನ ಶಾಲೆ ತಪ್ಪಿಸುತ್ತಾಳೆಂದು ಎಲ್ಲರೆದುರು ನನ್ನಿಂದ ಬೈಸಿಕೊಂಡವಳು. ಅವಳು ಕೊಟ್ಟ ಅರ್ಜಿ ಬಿಡಿಸಿದರೆ ‘ಇವರಿಗೆ’ ಎಂಬ ಜಾಗದಲ್ಲಿ ನನ್ನ ಹೆಸರೇ ಇತ್ತು.

ಸಂಗತಿ ಇಷ್ಟು. ಹುಡುಗಿಯರಿಗೆಂದು ಶಾಲೆಯ ಹಿಂದೆ ಹೊಸ ಶೌಚಾಲಯ ಕಟ್ಟಿ ವರ್ಷವಾಗಿತ್ತು. ಬಿಳಿ ಟೈಲ್ಸು, ಗೋಡೆಗೊಂದು ಕನ್ನಡಿ. ಹೊಲಸಾಗಬಾರದೆಂದು ಅದಕ್ಕೆ ಬೀಗ ಜಡಿದವನು ನಾನು. ತಪಾಸಣೆಗೆ ಸಾಹೇಬರು ಬಂದ ದಿನ ತೆಗೆದು, ಫಿನೈಲ್ ಹೊಡೆಸಿ, ತೋರಿಸಿ, ಶಹಬ್ಬಾಸ್ ಅನ್ನಿಸಿಕೊಂಡು ಮತ್ತೆ ಬೀಗ ಹಾಕುತ್ತಿದ್ದೆ. ಚಾವಿ ಸದಾ ನನ್ನ ಪ್ಯಾಂಟಿನ ಜೇಬಿನಲ್ಲಿ.

“ಚಾವಿ ಬೇಕ್ರಿ ಸರ್,” ಎಂದಳು ಭೀಮಬಾಯಿ. ಅಲ್ಲಿ ನಳದ ನೀರಿಲ್ಲ, ಎರಡೇ ದಿನಕ್ಕೆ ಹೊಲಸಾಗುತ್ತದೆ ಎಂದೆ. “ಬೋರ್‌ನಿಂದ ನಾವ ನೀರು ತುಂಬತೀವ್ರಿ. ಪಾಳಿ ಹಚ್ಚೀವ್ರಿ.” ನನ್ನ ನಾಲಿಗೆ ರೂಢಿಯಂತೆ “ನೋಡೋಣಮ್ಮ,” ಎಂದುಬಿಟ್ಟಿತು. “ಯಾವ ದಿನ ರೀ ಸರ್?” ಎಂದಳು. ಏಳು ಜನರಲ್ಲಿ ಒಬ್ಬಳೂ ಕದಲಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. “ಸಾಲಿಗೇ ನೆಟ್ಟಗ ಬರಲಾರದಾಕಿ, ನೀ ನನಗ ದಿನ ಕೇಳಾಕತ್ತೀಯೇನು?” ಎಂದೆ. ಅವಳು ತಲೆ ತಗ್ಗಿಸಲಿಲ್ಲ. “ಅದಕ್ಕ ಬರಂಗಿಲ್ರಿ ಸರ್. ಉಳದ ದಿನ ಮುಂಜಾನಿಂದ ಸಂಜೀತನಕ ನೀರ ಕುಡೀಲಾರ್ದ ಕುಂದರ್ತೀವ್ರಿ. ತಿಂಗಳಿನ ಆ ದಿನಾ ಹೆಂಗ ಕುಂದರೋದ್ರಿ? ಹಿಂಗ ತಪ್ಪಸೋದಿದ್ರ ಸಾಲಿ ಬಿಟ್ಟು ಕುರಿ ಹಿಂದ ನಡಿ ಅನ್ನಾಕತ್ಯಾನ್ರಿ ನಮ್ಮಪ್ಪ.”

ನನಗೆ ನಾಚಿಕೆಯಾಯಿತು. ನಮ್ಮ ಯಾದಗಿರಿ ಬಿಸಿಲಿನಲ್ಲಿ ಮೇಜಿನ ಮೇಲೆ ತಂಬಿಗೆ ತುಂಬ ನೀರಿಟ್ಟುಕೊಂಡು ಪಾಠ ಮಾಡಿದವನು ನಾನು. ಆ ಮಕ್ಕಳು ಅದನ್ನು ನೋಡುತ್ತ ಕೂತಿದ್ದವು. ಜೇಬಿಗೆ ಕೈಹಾಕಿ ಚಾವಿ ತೆಗೆದು ಅವಳ ಕೈಗಿಟ್ಟು, “ಇವತ್ತ,” ಎಂದೆ.

ಈಗ ಟೈಲ್ಸು ಮೊದಲಿನಷ್ಟು ಹೊಳೆಯುವುದಿಲ್ಲ, ಕನ್ನಡಿಯ ಒಂದು ಮೂಲೆ ಒಡೆದಿದೆ. ಭೀಮಬಾಯಿ ಹತ್ತನೇ ತರಗತಿಗೆ ಬಂದಿದ್ದಾಳೆ, ಹಾಜರಿ ಪುಸ್ತಕದಲ್ಲಿ ಅವಳ ಸಾಲು ಎಲ್ಲೂ ತಪ್ಪಿಲ್ಲ. ಮೊನ್ನೆ ಅವಳ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು, “ಮುಂದ ಕಾಲೇಜಿಗಿ ಶಹಾಪುರ ಛಲೋನೋ ಯಾದಗಿರಿ ಛಲೋನೋ, ಹೇಳ್ರಿ ಮಾಸ್ತರ,” ಎಂದು ಕೇಳಿದ. ನನ್ನ ಕಣ್ಣು ತುಂಬಿತು, ಧೂಳು ಎಂದೆ. ಗುಂಪು ಈಗ ಬೀದಿದೀಪದ ಅರ್ಜಿ ಹಿಡಿದು ಪಂಚಾಯಿತಿಗೆ ಅಲೆಯುತ್ತಿದೆ. ಅಲ್ಲಿಯವರ ಬಗ್ಗೆ ನನಗೆ ನಿಜವಾಗಿಯೂ ಕನಿಕರವಿದೆ.

ನೀರಿನ ಪಾಳಿಯ ಚೀಟಿಯನ್ನು ನನ್ನ ಕೋಣೆಯ ಗೋಡೆಗೇ ಅಂಟಿಸಿದ್ದಾರೆ. ಶನಿವಾರದ ಎದುರು ನನ್ನ ಹೆಸರು. ನನ್ನದು ಯಾಕೆ ಎಂದು ಕೇಳಿದ್ದಕ್ಕೆ, “ವರ್ಷಪೂರ್ತಿ ಕೀಲಿ ಹಾಕಿದವರು ನೀವ ಅಲ್ರೀ,” ಎಂಬ ಉತ್ತರ ಬಂತು. ಹೋದ ಶನಿವಾರ ತಪಾಸಣೆಗೆ ಸಾಹೇಬರು ಬರುವವರಿದ್ದರು. ಎರಡು ವರ್ಷದಿಂದ ಕಪಾಟಿನಲ್ಲಿ ಕಾದಿಟ್ಟಿದ್ದ ಹೊಸ ಅಂಗಿಯನ್ನು ತೊಟ್ಟು ಹೋಗಿದ್ದೆ. ಭೀಮಬಾಯಿ ಕೊಡ ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ಹೊಸಾ ಅಂಗಿ ಅದಮ್ಮ, ಮುಂದ ನೋಡೋಣ,” ಎಂದೆ.

“ಯಾವ ದಿನ ರೀ ಸರ್?”

ತೋಳು ಮಡಿಸಿ ಕೊಡ ಇಸಿದುಕೊಂಡೆ. ಸಾಹೇಬರು ಬಂದಾಗ ಅಂಗಿ ಎದೆಯತನಕ ನೆನೆದಿತ್ತು.