ಹಳೆ ಗಿಟಾರಿಗೂ ಹೊಸ ಗಿಟಾರಿಗೂ ಗದಗಿನಲ್ಲಿ ನಡೆದ ಮಹಾಸಮರ

ಕಿವಿಗಳಿಗಿಂತ ಸ್ಪೀಕರುಗಳು ಹೆಚ್ಚಾಗಿ, ಕೇಳುವವರಿಗಿಂತ ಬಾರಿಸುವವರೇ ಕೊಬ್ಬಿ ಬೆಳೆದ ಈ ಕಲಿಯುಗದ ಪ್ರಥಮ ಪಾದದಲ್ಲಿ, ಗದಗ-ಬೆಟಗೇರಿ ಎಂಬ ಯಮಳನಗರಿಯ ಸ್ಟೇಷನ್ ರಸ್ತೆಯಲ್ಲಿ, ಸುಟ್ಟ ಫ್ಯಾನುಗಳಿಗೂ ನೀರೆತ್ತುವ ಮೋಟಾರುಗಳಿಗೂ ತಾಮ್ರದ ತಂತಿ ಸುತ್ತಿ ಪುನರ್ಜನ್ಮ ದಯಪಾಲಿಸುತ್ತ, ಷಟ್ತಂತ್ರೀಟಂಕಾರಭೈರವನೂ ಗಾನಮಂಜರೀವಾದ್ಯವೃಂದಾಗ್ರೇಸರನೂ ಸ್ವಪ್ರಶಂಸಾಪಾರಾವಾರಪಾರಂಗತನೂ ಆದ ಚನ್ನವೀರ ಅಂಗಡಿ ಎಂಬ ವೀರನು ಬಾಳುತ್ತಿದ್ದನು. ಎಲೌ ವಾಗ್ದೇವಿ, ನಿನ್ನ ವೀಣೆಯನ್ನು ಗಳಿಗೆ ಹೊತ್ತು ಕೆಳಗಿಟ್ಟು ಇವನ ಕಥೆಯನ್ನು ನಡೆಸಿಕೊಡು. ಬೇಸರವಾದರೆ ತೂಕಡಿಸು, ಅವನ ಶ್ರೋತೃಗಳೂ ಅದನ್ನೇ ಮಾಡುತ್ತ ಬಂದಿದ್ದಾರೆ.

ವೀರನಿಗೆ ಆಯುಧ ಬೇಕಷ್ಟೆ. ಕಡಲಾಚೆಯ ಅರ್ವಿಡ್ ಕ್ರೇನ್ ಎಂಬ ಪ್ರಖ್ಯಾತ ವಾದಕನ ಹೆಸರಿನಲ್ಲಿ ತಯಾರಾಗಿ, ಅವನ ರುಜುವನ್ನು ತಲೆಯ ಮೇಲೆ ಹೊತ್ತ ಎಲೆಕ್ಟ್ರಿಕ್ ಗಿಟಾರೊಂದು, ಗೋವಾದ ಹೋಟೆಲಿನ ಬ್ಯಾಂಡೊಂದು ಮುಚ್ಚಿದ ವರ್ಷ ಚನ್ನವೀರನ ಕೈಸೇರಿತ್ತು. ಐದು ಕಿಲೋ ಭಾರದ ಆ ದಿವ್ಯಾಯುಧವನ್ನು ಇಪ್ಪತ್ತೆಂಟು ವರ್ಷ ಹೊತ್ತು ಅವನ ಎಡಭುಜವು ಬಲಭುಜಕ್ಕಿಂತ ಎರಡು ಬೆರಳು ಇಳಿದಿತ್ತು. ಇದನ್ನವನು ಫ್ಯಾನು ರಿಪೇರಿಗೆ ಬಂದವರಿಗೆಲ್ಲ ಅಂಗಿಯ ಗುಂಡಿ ಬಿಚ್ಚಿ ತೋರಿಸುತ್ತಿದ್ದನು.

ಹೀಗಿರಲು ಒಂದು ಭಾನುವಾರ ಬೆಳಿಗ್ಗೆ, ಮುಚ್ಚಿಹೋದ ಅರಳೆ ಗಿರಣಿಯ ಗೋದಾಮಿನಲ್ಲಿ ಗಾನಮಂಜರಿ ಆರ್ಕೆಸ್ಟ್ರಾದ ತಾಲೀಮು ಕೂಡಿರಲು, ಬೆಟಗೇರಿಯ ಚರ್ಚಿನಲ್ಲಿ ಬಾರಿಸಿ ಬೆಳೆದ ಸಮುವೇಲನೆಂಬ ತರುಣನು ಎರಡನೆಯ ಗಿಟಾರಿಗನಾಗಿ ಸೇರಲೆಂದು, ಅದೇ ಅರ್ವಿಡ್ ಕ್ರೇನನ ರುಜುವುಳ್ಳ ಗಿಟಾರಿನ ಹೊಸ ಆವೃತ್ತಿಯನ್ನು ಬೆನ್ನಿಗೇರಿಸಿಕೊಂಡು ಬಂದನು. ಅದೇ ಗಳಿಗೆಯಲ್ಲಿ ಆರ್ಕೆಸ್ಟ್ರಾದ ಒಡತಿಯೂ ಗಾಯಕಿಯೂ ಆದ ಕಮಲಾಕ್ಷಿ ಹೂಗಾರಳು ರಣಕಹಳೆಯನ್ನು ಊದಿದಳು.

"ಕೊಪ್ಪಳದ ಮದುವಿ ಆರತಕ್ಷತಿಗೆ ಸ್ಟೇಜು ಸಣ್ಣದೈತಿ. ಮುಂದ ಒಬ್ಬಾಂವ ಗಿಟಾರ್ ಹಿಡದು ನಿಂದರ್ರಿ. ಇನ್ನೊಬ್ಬಾಂವ ಕಾಂಗೋ ಹಿಂದ ಕುಂದರ್ರಿ."

ಕಾಂಗೋದ ಹಿಂದೆ! ಪಾತಾಳವೆಂದಿದ್ದರೂ ಚನ್ನವೀರನು ಸಹಿಸುತ್ತಿದ್ದನೇನೋ. ಕಾಂಗೋ ಎಂಬ ಉದ್ದನೆಯ ಜೋಡಿ ಡೋಲು ಬಾರಿಸುವ ಬಸಲಿಂಗನ ಬೆನ್ನು ಗೋದಾಮಿನ ಬಾಗಿಲಿನಷ್ಟು ಅಗಲವಾಗಿದ್ದು, ಅದರ ಹಿಂದೆ ಕುಳಿತವರನ್ನು ಇದುವರೆಗೆ ಯಾರೂ ಕಂಡಿರಲಿಲ್ಲ. ಆ ಸ್ವಪ್ರಶಂಸಾಪಾರಂಗತನು ಎದ್ದು ನಿಂತು ಎದುರಾಳಿಯ ಆಯುಧವನ್ನು ಹಳಿದನು.

"ತಮ್ಮಾ, ನಂದರ ಮ್ಯಾಲಿನ ರುಜು ಕಟಗಿಯೊಳಗ ಕೊರದದ್ದು. ನಿಂದು ಅಂಟಿಸಿದ್ದು. ನಾಕ ಪ್ರೋಗ್ರಾಮಿನ ಬೆವರು ಹತ್ತಿದ್ರ ಅರ್ವಿಡ್ ಹೋಗಿ ಬರೇ ಕ್ರೇನ್ ಉಳಿತೈತಿ."

ಸಮುವೇಲನು ವಿನಯದಿಂದಲೇ ಬಾಣ ಹೂಡಿದನು. "ಅಣ್ಣಾರ, ನಿಮ್ಮದರ ಕೊರಳು ಕೊಡ್ಲಿ ಕಾವು ಇದ್ದಂಗ ಐತಿ. ನಂದ್ರಾಗ ಸ್ವರದ ಪಟ್ಟಿ, ಫ್ರೆಟ್, ಇಪ್ಪತ್ನಾಕ. ನಿಮ್ಮದು ಇಪ್ಪತ್ತೊಂದಕ್ಕ ಮುಗೀತು. ಮ್ಯಾಲಿನ ಮೂರು ಸ್ವರ ಬಂದ್ರ ಏನ ಮಾಡ್ತೀರಿ, ಬಾಯಿಲೆ ಅಂತೀರೇನು?"

"ಆ ಮೂರು ಸ್ವರ ನಾಯಿಗೆ ಕೇಳಸ್ತಾವ, ಮದುವಿ ಮಂದಿಗಲ್ಲ. ತಂತಿ ನಡುಗಿದ್ದನ್ನ ಹಿಡಿಯೋ ಸುರುಳಿ ಐತೆಲ್ಲ, ಪಿಕಪ್ಪು, ನಂದರದು ಕೈಲೆ ಸುತ್ತಿದ್ದು. ನಿಂದು ಮಶೀನ್ ಸುತ್ತಿದ್ದು. ದಿನಾ ಕಾಯಿಲ್ ಸುತ್ತಾಂವ ನಾನು. ನನ್ನ ಕಣ್ಣು ಕಟ್ಟಿ ಬಾರಸು. ಯಾವುದು ಯಾವುದಂತ ಹೇಳದಿದ್ರ ನಾನ ಹೋಗಿ ಕಾಂಗೋ ಹಿಂದ ಕುಂದರತೀನಿ."

ಪ್ರತಿಜ್ಞೆ ನುಡಿದಾದ ಮೇಲೆ ಹಿಂಜರಿಯುವುದು ಹೇಗೆ? ಕಮಲಾಕ್ಷಿಯ ಓಡಣಿಯಿಂದ ವೀರನ ಕಣ್ಣು ಕಟ್ಟಲ್ಪಟ್ಟಿತು. ಸಮುವೇಲನು ಒಂದೇ ಸಾಲನ್ನು ಒಂದು ಗಿಟಾರಿನಲ್ಲಿ ಬಾರಿಸಿ, ಸದ್ದಿಲ್ಲದೆ ಬದಲಿಸಿ, ಇನ್ನೊಂದರಲ್ಲಿ ಬಾರಿಸಿದನು. ಕತ್ತಲೆಯೊಳಗೆ ನಿಂತ ಚನ್ನವೀರನಿಗೆ, ಮೋಟಾರು ಮಾಲೀಕರ ಮುಂದೆ ಎಷ್ಟೇ ಕೊಚ್ಚಿಕೊಂಡಿದ್ದರೂ, ಎರಡೂ ಒಂದೇ ಎನಿಸಿತು. ಬಸಲಿಂಗನ ಬೆನ್ನು ಕಣ್ಣಮುಂದೆ ಬಂದು ನಿಂತಿತು.

"ಇನ್ನೊಮ್ಮೆ ಬಾರಸು," ಎಂದನು.

ಎರಡನೆಯ ಸಲ ಅವನು ಸಾಲನ್ನು ಕೇಳದೆ ಸಾಲು ಮುಗಿದ ಮೇಲೆ ಉಳಿಯುವುದನ್ನು ಕೇಳಿದನು. ಒಂದರ ನಾದವು ಒರೆಸಿದ ಗಾಜಿನಂತೆ ನುಣ್ಣಗೆ ನಿಂತುಹೋಯಿತು. ಇನ್ನೊಂದು, ಬೆಳಗಿನ ಹೊತ್ತು ಮುದುಕನ ಗಂಟಲಿನಂತೆ, ತಳದಲ್ಲಿ ತುಸು ಗೊರಗುಟ್ಟಿ ಆಮೇಲೆ ಆರಿತು. ಚನ್ನವೀರನ ಇಳಿದ ಭುಜವು ಅದನ್ನು ಗುರುತಿಸಿತು.

"ಮೊದಲನೇದ್ದು ನಿಂದು. ಎರಡನೇದ್ದು ನಂದು."

ಸರಿಯಾಗಿತ್ತು. ಮತ್ತೆ ಬಾರಿಸಿದರು, ಮತ್ತೆ ಸರಿಯಾಗಿತ್ತು. ಕುಯುಕ್ತಿಯಿಂದ ಹಳೆಯದನ್ನೇ ಎರಡು ಸಲ ಬಾರಿಸಲು, "ಎರಡೂ ನಂದ, ಆಟ ಆಡಬ್ಯಾಡ," ಎಂದನು. ಇಡೀ ಆಯುಷ್ಯದಲ್ಲಿ ಬಾಯಿಯಿಂದಲ್ಲದೆ ಕಿವಿಯಿಂದ ಅವನು ಗೆದ್ದದ್ದು ಇದೊಂದೇ ಸಲವೆಂದು ಈ ಕಥೆ ಹೇಳುವವನೂ ಒಲ್ಲದ ಮನಸ್ಸಿನಿಂದ ಒಪ್ಪಬೇಕು. ಸಮುವೇಲನು ಆಯುಧವನ್ನು ಕೆಳಗಿಟ್ಟು, "ಫರಕ್ ಐತ್ರಿ ಅಣ್ಣಾರ. ನೀವ ಮುಂದ ನಿಂದರ್ರಿ," ಎಂದು ಶರಣಾದನು. ದೇವತೆಗಳು ಹೂಮಳೆ ಸುರಿಸಲಿಲ್ಲ. ಛಾವಣಿಯಿಂದ ಹಳೆ ಅರಳೆ ಒಂದಿಷ್ಟು ಉದುರಿತು.

ಆಗ, ವಾದ್ಯಗಳ ದನಿ ಏರಿಸಿ ಇಳಿಸುವ ಮಿಕ್ಸರಿನ ಮುಂದೆ ಕುಳಿತು ಶೇಂಗಾ ಸುಲಿಯುತ್ತಿದ್ದ ಸೌಂಡಿನ ದಾವಲಸಾಬನು ತಲೆಯೆತ್ತಿದನು.

"ಯಾರರೆ ನಿಂದರ್ರಿ, ನನಗೇನ್ರಿ. ಗಿಟಾರಿನ ಲೈನ್ ನಾ ಎರಡರ ಮ್ಯಾಲ ಇಡೂದಿಲ್ಲ."

"ಎಷ್ಟರಾಗ ಎರಡು?" ಎಂದನು ಚನ್ನವೀರ.

"ಹತ್ತರಾಗ. ಮೂರು ವರ್ಷಾತು. ನಿಮಗ ನಿಮ್ಮ ಕಾಲಾಗಿನ ಸ್ಪೀಕರ್ ಕೇಳತೈತಿ. ಕೀಬೋರ್ಡಿನಾಗ ಗಿಟಾರಿನ ದನಿ ಬರತೈತೆಲ್ರಿ, ಮಂದಿ ಕೇಳೂದು ಅದನ್ನ."

ಮೂರು ವರ್ಷಗಳ ಮದುವೆಗಳು, ಗಣಪತಿ ಪೆಂಡಾಲುಗಳು, ಕಣ್ಣುಮುಚ್ಚಿ ಹಣೆ ಗಂಟಿಕ್ಕಿ ತಾನು ಸುರಿಸಿದ ಸ್ವರಶರವರ್ಷಗಳು, ಎಲ್ಲವೂ ಚನ್ನವೀರನ ಎದುರಿನಲ್ಲಿ ಸಾಲಾಗಿ ಮೂಕವಾಗಿ ಹಾದುಹೋದವು. ಕಮಲಾಕ್ಷಿಯ ಕಡೆ ನೋಡಿದನು. ಅವಳು ಓಡಣಿಯ ಸುಕ್ಕು ತೀಡುತ್ತಿದ್ದಳು, ಅವಳಿಗೆ ಗೊತ್ತಿತ್ತು.

"ಮೂರಕ್ಕ ಇಡ್ರಿ, ದಾವಲಸಾಬರ," ಎಂದಿತು ಭೈರವನ ದನಿ, ಭಿಕ್ಷುಕನದಾಗಿ.

"ಇಡ್ರಿ ಪಾಪ," ಎಂದು ಸೋತ ಸಮುವೇಲನೂ ಸೇರಿಸಿದನು.

ದಾವಲಸಾಬನು ಒಡತಿಯ ಮುಖ ನೋಡಿದನು. ಒಡತಿ ನಿಟ್ಟುಸಿರಿಟ್ಟಳು. "ಎರಡೂವರಿ ಇಡು."

ಹೀಗೆ ಆ ಮಹಾಸಮರದ ಸಮಸ್ತ ಲೂಟಿಯಾಗಿ ಲಭಿಸಿದ ಅರ್ಧ ಗೆರೆಯನ್ನು ಹೊತ್ತು ಚನ್ನವೀರನು ಕೊಪ್ಪಳಕ್ಕೆ ಹೋಗಿ, ಇಸ್ತ್ರಿಯ ಕೋಟು ತೊಟ್ಟು, ವೇದಿಕೆಯ ಮುಂಭಾಗದಲ್ಲಿ ನಿಂತನು. ಎರಡನೆಯ ಹಾಡಿಗೆ ವಧುವಿನ ಸೋದರಮಾವ ಮಿಕ್ಸರಿನ ಹತ್ತಿರ ಬಂದು, "ಸ್ವಲ್ಪ ಕಡಿಮಿ ಮಾಡ್ರಿ, ಊಟಕ್ಕ ಕರಿಯೋದು ಕೇಳಸವಲ್ದು," ಎಂದನು. ದಾವಲಸಾಬನು ಒಂದು ಬೆರಳಿನಿಂದ ಗಿಟಾರಿನ ಗುಂಡಿಯನ್ನು ಎರಡಕ್ಕೆ ಇಳಿಸಿದನು. ಚನ್ನವೀರನು ಕಣ್ಣುಮುಚ್ಚಿ ಬಾರಿಸುತ್ತಲೇ ಇದ್ದನು. ಅವನಿಗೆ ಅದು ತಿಳಿಯಲಿಲ್ಲ.