ವಿಮಾನದ ಅಂಗಿ ಮತ್ತು ಚಾಚಾನ ಗುರುವಾರ

ಹಳೇ ವಿಮಾನ ರಿಪೇರಿಗೆ ಕೈ ಹಚ್ಚಿದ್ರ ಸಾಕ್ರಿ, ನಗೋ ಪ್ರಸಂಗ ತಾವ ಹುಡುಕ್ಕೊಂಡು ಬರ್ತಾವ. ವಾಯುಸೇನೆಯಾಗ ಮೆಕ್ಯಾನಿಕ್ ಆಗಿ ರಿಟೈರಾಗಿ, ಇರಕಲ್ಲಗಡದಾಗ ಸುಮ್ನ ಕುಂತಿದ್ದೆ. ಕೊಪ್ಪಳದ ಹತ್ರ ಒಬ್ರು ಮುದುಕ ಕ್ಯಾಪ್ಟನ್, ಹಿಂದಕ ಸೇನೆಯಾಗ ಪೈಲಟ್‌ಗಳಿಗೆ ಕಲಿಸಾಕ ಬಳಸ್ತಿದ್ದ ನಾಕು ರೆಕ್ಕಿ ವಿಮಾನ ತಂದಿಟ್ಟಿದ್ರು. "ದೀಪಾವಳಿಗೆ ನನ್ನ ಲೈಸೆನ್ಸ್ ಮುಗೀತೈತಿ. ಈ ವಯಸ್ಸಿಗೆ ಮತ್ತ ಕೊಡಂಗಿಲ್ಲ. ಅಷ್ಟ್ರಾಗ ಒಮ್ಮಿ ಹಾರಬೇಕಪಾ" ಅಂದ್ರು. ರಿಪೇರಿ ನಾ ಮಾಡ್ತೀನಿ ಅಂತ ಒಪ್ಪಿಕೊಂಡೆ.

೧. ಅಳತಿ

ಆ ರೆಕ್ಕಿಗೆ ತಗಡಲ್ರಿ, ಬಟ್ಟಿ! ಹೊಲ್ಯಾಕ ಕೊಪ್ಪಳದ ಟೇಲರ್ ಚಾಚಾನ್ನ ಕರಕೊಂಡು ಹೋದೆ. ಚಾಚಾ ಕೊರಳಾಗಿನ ಟೇಪು ತಗದು, ವಿಮಾನದ ಸುತ್ತ ಎರಡು ಸಲ ಅಡ್ಡಾಡಿ ಕೇಳಿದ್ರು.

"ತೋಳು ನಾಕು ಅದಾವಲ್ಲ, ಫುಲ್ಲೋ ಹಾಫೋ?"

"ಫುಲ್ಲು ಹೊಲೀರಿ."

"ಹಂಗಾರ ಗುರುವಾರ ಬರ್ರಿ."

೨. ಗುರುವಾರ

ಮೂರು ಗುರುವಾರ ಹೋದ್ವು. ಕ್ಯಾಪ್ಟನ್ ದಿನಾ ಫೋನ್ ಮಾಡಿ "ಎಷ್ಟು ದಿನ ಉಳೀತು?" ಅಂತಿದ್ರು. ನಾ ಅಂಗಡಿಗೆ ಓಡಿದ್ರ, ಚಾಚಾ ತಲಿ ಎತ್ತದ "ಕಾಜಾ, ಗುಂಡಿ ಅಷ್ಟ ಉಳದಾವ್ರಿ" ಅಂದ್ರು.

"ರೆಕ್ಕಿಗೆ ಎಲ್ಲೀ ಗುಂಡಿರಿ, ಚಾಚಾ!" ಅಂತ ಚೀರಿದೆ.

"ಮೂವತ್ತು ವರ್ಷದಿಂದ ಅದನ್ನ ಹೇಳಾಕತ್ತೀನಿ, ಬಾಯಿಗೆ ರೂಢಿ ಆಗೇತಿ."

೩. ಎರಡಿಂಚು

ಅಂತೂ ಚಾಚಾ ಹೊಲದು ಮುಗಿಸಿ, ರೆಕ್ಕಿಗೆ ಬಟ್ಟಿ ತೊಡಿಸಿದ್ವಿ. ದೀಪಾವಳಿ ಮೂರು ದಿನ ಐತಿ ಅಂದಾಗ, ಹಾರಾಕ ಪರವಾನಗಿ ಕೊಡೋ ಇನ್‌ಸ್ಪೆಕ್ಟರ್ ಬಂದ್ರು. ಒಂದೊಂದು ಹೊಲಿಗಿ ಎಳದು ನೋಡಿ ಒಂದು ಕಡೆ ನಿಂತ್ರು. "ಇಲ್ಲಿ ಒಳಗ ಬಟ್ಟಿ ಯಾಕ ಜಾಸ್ತಿ ಐತಿ?" ಕ್ಯಾಪ್ಟನ್ ಮುಖ ಬಿಳುಚಿಕೊಂತು.

ಚಾಚಾ ಮುಂದ ಬಂದ್ರು. "ನಾನ ಎರಡಿಂಚು ಬಿಟ್ಟೇನ್ರಿ ಸಾಹೇಬ್ರ. ಮುಂದ ಮೈ ತುಂಬಿದ್ರ ಬಿಚ್ಚಾಕ ಬರ್ತೈತಿ."

ಇನ್‌ಸ್ಪೆಕ್ಟರ್ ನಕ್ಕು ನಕ್ಕು ನೆತ್ತಿಗೇರಿ, ನೀರು ಕುಡಿದು, "ಇಷ್ಟು ಗಟ್ಟಿ ಹೊಲಿಗಿ ನಾ ಎಲ್ಲೂ ನೋಡಿಲ್ಲ" ಅಂತ ಸಹಿ ಹಾಕಿದ್ರು.

೪. ಟ್ರಯಲ್

ಮರುದಿನ ಮುಂಜಾನಿ ಕ್ಯಾಪ್ಟನ್ ಸಾಣಾಪುರದ ಕೆರಿ ತನಕ ಹಾರಿ, ತಿರುಗಿ ಬಂದು ಹಗೂರಕ ಇಳಿದ್ರು. ಕನ್ನಡಕ ತಗದ್ರ ಕಣ್ತುಂಬ ನೀರು. ಚಾಚಾನ ಕೈ ಹಿಡದು, "ನನ್ನ ಜನ್ಮ ಸಾರ್ಥಕ ಆತು ಚಾಚಾ. ಎಡಕ್ಕ ಒಂಚೂರು ಎಳೀತೈತಿ, ಅಷ್ಟ" ಅಂದ್ರು.

ಚಾಚಾ ತಲಿ ವಾರಿ ಮಾಡಿ ರೆಕ್ಕಿ ನೋಡಿದ್ರು. "ಎಡತೋಳು ಬಗಲಾಗ ಬಿಗಿ ಆಗೇತಿ. ಬಿಚ್ಚಿ ಸರಿ ಮಾಡ್ತೀನಿ. ಗುರುವಾರ ಬರ್ರಿ."

"ಗುರುವಾರದಷ್ಟೊತ್ತಿಗೆ ನನ್ನ ಲೈಸೆನ್ಸ್ ಮುಗದಿರ್ತೈತಲ್ಲ ಚಾಚಾ!"

ಚಾಚಾ ಕ್ಯಾಪ್ಟನ್ ಬೆನ್ನು ಸವರಿದ್ರು. "ಹೆದರಬ್ಯಾಡ್ರಿ, ನನ್ನ ಗುರುವಾರ ಅಷ್ಟು ಲಗೂ ಬರಂಗಿಲ್ಲ."